ಮನೆಯಲ್ಲೊಂದು ರಿವಾಲ್ವರ್: ಆಯ್ಕೆ, ಆರೈಕೆ, ಕಾವಲು

ಆಯುಧಪೂಜೆಯ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಕತ್ತಿ, ಗುದ್ದಲಿ, ಹಾರೆ, ತೋಟಕ್ಕೆ ಔಷಧಿ ಹೊಡೆಯುವ ಪಂಪು ಎಲ್ಲವೂ ಮಿಂದು ಸಾಲಾಗಿ ಕೂತಿದ್ದವು. ಕೊನೆಗೆ ಅಪ್ಪಯ್ಯ ಕಪಾಟಿನಿಂದ ತಮ್ಮ ರಿವಾಲ್ವರ್ ತಂದರು. ಮಳೆಗಾಲ ಶುರುವಾದಾಗ ಚರ್ಮದ ಚೀಲಕ್ಕೆ ಹಾಕಿಟ್ಟಿದ್ದನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಚೀಲ ಬಿಚ್ಚಿದರೆ ಬೂಷ್ಟಿನ ವಾಸನೆ. ಚರ್ಮದ ಹೊಲಿಗೆ ತಾಗಿಕೊಂಡಿದ್ದ ಕಡೆ ನಳಿಗೆಯ ಉದ್ದಕ್ಕೂ ತುಕ್ಕಿನ ಗೆರೆ. ಹಿಂದಿನ ವರ್ಷ ಭಕ್ತಿಯಿಂದ ಇಟ್ಟಿದ್ದ ಕುಂಕುಮದ ಬೊಟ್ಟಿನ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳಿ.

ಅವತ್ತೇ ಮಧ್ಯಾಹ್ನ ಊಟವಾದ ಮೇಲೆ ಅದನ್ನು ತಿರುಗಿ ಒಳಗಿಡಲು ಹೊರಟ ಅಪ್ಪಯ್ಯ, "ಕಪಾಟಿನ ಕೀಲಿಕೈ ಎಲ್ಲಿಟ್ಯೇ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ನೆನಪು ಮಾಡಿಕೊಳ್ಳುವ ಮೊದಲೇ ರಜೆಗೆ ಬಂದಿದ್ದ ತಂಗಿಯ ಮಗ, ಎಂಟು ವರ್ಷದ ಹುಡುಗ, "ದೇವರ ಪಟದ ಹಿಂದೆ ಇದೆ ಅಜ್ಜ" ಅಂದ. ಯಾರೂ ಅವನಿಗೆ ಹೇಳಿರಲಿಲ್ಲ. ಮಕ್ಕಳಿಗೆ ಹೇಳಬೇಕಾಗಿಯೂ ಇಲ್ಲ, ಅವರು ನೋಡಿಕೊಂಡಿರುತ್ತಾರೆ.

ಒಂದೇ ದಿನ ಕಂಡ ಆ ತುಕ್ಕು ಮತ್ತು ಆ ಉತ್ತರ ನನಗೆ ಕಲಿಸಿದ್ದು ಒಂದೇ ಪಾಠ. ರಿವಾಲ್ವರ್ ನಮ್ಮ ಮನೆಯನ್ನು ಕಾಯುತ್ತದೆ ಎಂದುಕೊಂಡಿದ್ದೆವು. ಅದನ್ನು ಕಾಯುವವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಒಂಟಿ ಮನೆಯ ಭಯದಿಂದಲೋ, ನಗದು ವ್ಯವಹಾರದ ಆತಂಕದಿಂದಲೋ ಲೈಸೆನ್ಸ್‌ಗೆ ಅರ್ಜಿ ಹಾಕಲು ಯೋಚಿಸುತ್ತಿರುವವರಿಗೆ, ಈಗಾಗಲೇ ರಿವಾಲ್ವರ್ ಅಥವಾ ಪಿಸ್ತೂಲು ಇಟ್ಟುಕೊಂಡಿರುವವರಿಗೆ ಉಪಯೋಗವಾಗಲಿ ಎಂದು ಈ ಬರಹ.

ನಿಜಕ್ಕೂ ಬೇಕೆ?

ಮೊದಲು ಭಯಕ್ಕೆ ಹೆಸರಿಡಿ. ಕಾಡುಹಂದಿ, ಮಂಗ, ಆನೆಯ ಕಾಟಕ್ಕೆ ರಿವಾಲ್ವರ್ ಯಾವ ಉಪಯೋಗಕ್ಕೂ ಬಾರದು. ಬೆಳೆ ಕಾಯಲು ರೈತರು ಲೈಸೆನ್ಸ್ ಪಡೆಯುವುದು ಉದ್ದ ನಳಿಗೆಯ ಕೋವಿಗೆ, ಅದರ ದಾರಿಯೇ ಬೇರೆ. ಮನೆಯಲ್ಲಿ ಯಾರೂ ಇಲ್ಲದಾಗ ಕಳ್ಳರು ಬರುತ್ತಾರೆಂಬ ಭಯವಿದ್ದರೆ ಅದಕ್ಕೂ ರಿವಾಲ್ವರ್ ಉತ್ತರವಲ್ಲ. ಖಾಲಿ ಮನೆಯಲ್ಲಿ ಅದೇ ಕಳ್ಳನಿಗೆ ಸಿಗುವ ಅತಿ ಅಪಾಯದ ವಸ್ತು. ಉಳಿಯುವುದು ಒಂದೇ ಸಂದರ್ಭ: ನಾವು ಮನೆಯೊಳಗಿದ್ದೇವೆ, ಜೀವ ತೆಗೆಯುವ ಉದ್ದೇಶದಿಂದ ಯಾರೋ ನುಗ್ಗಿದ್ದಾರೆ, ಓಡಿಹೋಗಲು ಜಾಗವಿಲ್ಲ, ಸಹಾಯ ಬರುವಷ್ಟು ಸಮಯವಿಲ್ಲ. ಅಂಥ ಗಳಿಗೆ ಹೆಚ್ಚಿನವರ ಬದುಕಿನಲ್ಲಿ ಒಮ್ಮೆಯೂ ಬರುವುದಿಲ್ಲ. ಆಯುಧ ಮಾತ್ರ ವರ್ಷದ 365 ದಿನವೂ ಮನೆಯೊಳಗೆ ಇರುತ್ತದೆ.

ಎರಡನೆಯದು ನಾವು ಮಾತಾಡಲು ಹಿಂಜರಿಯುವ ವಿಷಯ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಎರಡೂವರೆ ಕೋಟಿಗೂ ಹೆಚ್ಚು ವಯಸ್ಕರ ದಾಖಲೆಗಳನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ ಅಧ್ಯಯನವೊಂದು 2020ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ರಿವಾಲ್ವರ್, ಪಿಸ್ತೂಲಿನಂಥ ಆಯುಧ ಹೊಂದಿದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ, ಹೊಂದಿರದ ಗಂಡಸರಿಗಿಂತ ಸುಮಾರು 8 ಪಟ್ಟು ಹೆಚ್ಚಿತ್ತು. ಹೆಂಗಸರಲ್ಲಿ ಅದು ಸುಮಾರು 35 ಪಟ್ಟು. ಅಲ್ಲಿಯ ಸಮಾಜ ಬೇರೆ, ನಮ್ಮದು ಬೇರೆ. ಆದರೆ ಮನಸ್ಸು ಕುಸಿದ ಒಂದು ಗಳಿಗೆ ಎಲ್ಲ ಊರಿನಲ್ಲೂ ಒಂದೇ. ಮನೆಯಲ್ಲಿ ಯಾರಿಗಾದರೂ ಖಿನ್ನತೆ, ಕುಡಿತದ ಚಟ, ಮೂಗಿನ ತುದಿಯ ಕೋಪ, ಸಾಲದ ಒತ್ತಡ ಇದ್ದರೆ ಆಯುಧ ತರಬೇಡಿ. ಈಗಾಗಲೇ ಇದ್ದರೆ ಠಾಣೆಯಲ್ಲೋ ಅಧಿಕೃತ ಮಾರಾಟಗಾರರ ಬಳಿಯೋ ಠೇವಣಿ ಇಡಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮಾತಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಲೈಸೆನ್ಸ್: ಮುಖ್ಯವಾದ ನಾಲ್ಕು ಮಾತು

ನಮ್ಮ ದೇಶದಲ್ಲಿ ಬಂದೂಕು ಹಕ್ಕಲ್ಲ, ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಇದನ್ನು ನಡೆಸುತ್ತವೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರೇಟ್ ಇರುವ ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಆಯುಕ್ತರು ಲೈಸೆನ್ಸ್ ಕೊಡುತ್ತಾರೆ. ಜೀವಕ್ಕೆ ಅಪಾಯವಿದೆ ಎನ್ನುವುದಕ್ಕೆ ಆಧಾರ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ, ಠಾಣೆಯ ವರದಿ ಇವೆಲ್ಲ ಬೇಕು. ಲೈಸೆನ್ಸ್‌ಗೆ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರಲೇಬೇಕು. ಅಜ್ಜನ ಕಾಲದ ಪುಸ್ತಕದಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ತಡಮಾಡದೆ ಕಚೇರಿಗೆ ಹೋಗಿ ಸರಿಮಾಡಿಸಿಕೊಳ್ಳಿ.

2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಲೈಸೆನ್ಸ್‌ನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಸುರಕ್ಷತೆಗೆ ಕುತ್ತು ತಂದರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಕೊಡಗಿನವರಿಂದ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದಿದೆ: ನಮಗೆ ರಿವಾಲ್ವರ್‌ಗೂ ಲೈಸೆನ್ಸ್ ಬೇಕೆ? ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಕೈಲ್ ಪೊಳ್ದ್ ಹಬ್ಬದ ದಿನ ಹೂ ಮುಡಿಸಿ ಪೂಜಿಸುವ ಕೋವಿಗೆ ಇರುವ ಆ ವಿನಾಯಿತಿ ರಿವಾಲ್ವರ್, ಪಿಸ್ತೂಲಿಗೆ ಅನ್ವಯಿಸುವುದಿಲ್ಲ. ಅವಕ್ಕೆ ಎಲ್ಲರಂತೆ ಲೈಸೆನ್ಸ್ ಬೇಕು.

ಲೈಸೆನ್ಸ್ ಒಬ್ಬರ ಹೆಸರಿನದು, ಮನೆಯದಲ್ಲ. ಗಂಡನ ರಿವಾಲ್ವರ್ ಹೆಂಡತಿಯದಾಗುವುದಿಲ್ಲ, ಅಪ್ಪನದು ಮಗನದಾಗುವುದಿಲ್ಲ. ಲೈಸೆನ್ಸ್‌ದಾರರು ತೀರಿಕೊಂಡರೆ ಮನೆಯವರು ವಿಳಂಬ ಮಾಡದೆ ಆಯುಧವನ್ನು ಠಾಣೆಗೋ ಅಧಿಕೃತ ಮಾರಾಟಗಾರರಿಗೋ ಒಪ್ಪಿಸಿ ರಸೀದಿ ಪಡೆಯಬೇಕು, ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಬಹುದು. ಅಪ್ಪಯ್ಯ ಹೋದಾಗ ಹನ್ನೆರಡನೇ ದಿನದ ಕೆಲಸದ ನಡುವೆ ಈ ಕೆಲಸ ನಮಗೆ ನೆನಪಾಗಿದ್ದು ಅವರೇ ಡೈರಿಯಲ್ಲಿ ಬರೆದಿಟ್ಟಿದ್ದರಿಂದ. ನೀವೂ ಬರೆದಿಡಿ.

ರಿವಾಲ್ವರೋ ಪಿಸ್ತೂಲೋ?

ಪೊಲೀಸರ ಕೈಯಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ, ಅದರ ಬೋರ್, ಅಂದರೆ ನಳಿಗೆಯ ಒಳ ಅಳತೆ, ನಿಷೇಧಿತ. ನಮಗೆ ಸಿಗುವುದು ಮುಖ್ಯವಾಗಿ .32 ಮತ್ತು .22 ಬೋರ್‌ಗಳು. ವಿದೇಶಿ ಆಯುಧಗಳ ಆಮದು 1980ರ ದಶಕದ ಮಧ್ಯದಿಂದ ಸಾಮಾನ್ಯರಿಗೆ ನಿಂತುಹೋಗಿದೆ. ಹಾಗಾಗಿ ಹಳೆಯ ವೆಬ್ಲಿ, ಕೋಲ್ಟ್‌ಗಳಿಗೆ ಗುಣಕ್ಕೆ ಮೀರಿದ ಬೆಲೆಯಿದೆ.

ರಿವಾಲ್ವರ್‌ನಲ್ಲಿ ಸಾಮಾನ್ಯವಾಗಿ ಆರು ಗುಂಡು ಹಿಡಿಯುವ ತಿರುಗುವ ಸಿಲಿಂಡರ್ ಇರುತ್ತದೆ. ತೆರೆದರೆ ಗುಂಡು ಇದೆಯೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಂದು ಗುಂಡು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದಾಗ ಮುಂದಿನದು ಬರುತ್ತದೆ. ಟ್ರಿಗರ್ ಗಟ್ಟಿ, ಎಳೆತ ಉದ್ದ. ಗುರಿಗೆ ಇದು ತೊಡಕು, ಆಕಸ್ಮಿಕವಾಗಿ ಹಾರುವುದನ್ನು ತಡೆಯಲು ಅನುಕೂಲ. ಪಿಸ್ತೂಲಿನಲ್ಲಿ ಗುಂಡುಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿ ಕೂರುತ್ತವೆ. ಚಪ್ಪಟೆಯಾಗಿರುತ್ತದೆ, ಬೇಗ ತುಂಬಬಹುದು, ಆದರೆ ಕಲಿಕೆ ಹೆಚ್ಚು ಬೇಕು. ದೊಡ್ಡ ಅಪಾಯ ಇಲ್ಲಿದೆ: ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ನಳಿಗೆಯ ಕೋಣೆಯಲ್ಲಿ ಒಂದು ಗುಂಡು ಉಳಿದಿರಬಹುದು. "ಖಾಲಿ ಇತ್ತು ಅಂದ್ಕೊಂಡೆ" ಎಂಬ ಮಾತಿನಿಂದ ಮುಗಿಯುವ ಎಷ್ಟೋ ಅವಘಡಗಳ ಮೂಲ ಇದೇ. ವರ್ಷಕ್ಕೆ ಕೆಲವೇ ಸಲ ಕೈಗೆತ್ತಿಕೊಳ್ಳುವವರಿಗೆ ನನ್ನ ಸಲಹೆ ರಿವಾಲ್ವರ್.

ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುವ .32 ರಿವಾಲ್ವರ್ ಹಳೆಯ ವೆಬ್ಲಿ ಮಾದರಿಯದು. ಮೇಲಿನ ಕೊಂಡಿ ಬಿಡಿಸಿದರೆ ನಳಿಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ಹೆಂಗಸರನ್ನು ಗಮನದಲ್ಲಿಟ್ಟು 2014ರಲ್ಲಿ ಬಂದ 'ನಿರ್ಭೀಕ್' ಸುಮಾರು 500 ಗ್ರಾಂ ತೂಕದ್ದು, ಆಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. .22 ಬೋರ್‌ನ 'ನಿಡರ್' ಇನ್ನೂ ಚಿಕ್ಕದು. 2023ರಲ್ಲಿ ಬಂದ 'ಪ್ರಬಲ್' ಪಕ್ಕಕ್ಕೆ ಸಿಲಿಂಡರ್ ಹೊರಳುವ ಮಾದರಿ. ಪಿಸ್ತೂಲುಗಳ ಪೈಕಿ .32ರ 'ಅಶನಿ' ಇದೆ. ಹಗುರವಾದದ್ದೇ ಒಳ್ಳೆಯದು ಎಂದುಕೊಳ್ಳಬೇಡಿ. ಹಗುರವಾದಷ್ಟೂ ಗುಂಡು ಹಾರಿದಾಗ ಕೈಗೆ ಒದೆತ ಹೆಚ್ಚು. ನಿಮ್ಮ ಅಂಗೈಗೆ ಹಿಡಿ ತುಂಬಿಕೊಳ್ಳಬೇಕು, ಮಣಿಕಟ್ಟು ತಿರುಚದೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಸಲೀಸಾಗಿ ತಲುಪಬೇಕು. ಅಳತೆ ಇಷ್ಟೇ.

ಕೊಳ್ಳುವಾಗ ತುಂಬಾ ಜನ ಎಡವುವುದು ಗುಂಡಿನಲ್ಲಿ. .32 ಅಂದರೆ ಒಂದೇ ಗುಂಡಲ್ಲ. ರಿವಾಲ್ವರ್‌ಗೆ ಬಳಸುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಅಶನಿಯಂಥ ಪಿಸ್ತೂಲಿಗೆ ಬಳಸುವುದು .32 ಎ.ಸಿ.ಪಿ. ಉದ್ದ ಬೇರೆ, ಬುಡದ ಆಕಾರ ಬೇರೆ. ಹೆಸರಿನ ಸಾಮ್ಯ ನಂಬಿ ಅದಲುಬದಲು ಮಾಡಿದರೆ ಕೈ ಹೋದೀತು. ಡಬ್ಬಿಯ ಮೇಲಿನ ಅಚ್ಚನ್ನು ಆಯುಧದ ಮೇಲಿನ ಅಚ್ಚಿಗೆ ತಾಳೆ ನೋಡಿ. ಕೊಂಡ ಗುಂಡುಗಳ ಲೆಕ್ಕ ಲೈಸೆನ್ಸ್‌ನಲ್ಲಿ ದಾಖಲಾಗುತ್ತದೆ. ಮಿತಿ ಮೀರಬೇಡಿ, ಒಬ್ಬರಿಂದ ಇನ್ನೊಬ್ಬರು ಕೇಳಿ ಪಡೆಯಬೇಡಿ.

ಹಳೆಯ ರಿವಾಲ್ವರ್ ಕೊಳ್ಳುವುದಾದರೆ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ತೆರೆದು ಬೆಳಕಿಗೆ ಹಿಡಿಯಿರಿ. ನಳಿಗೆಯೊಳಗೆ ತಿರುಚು ಗೆರೆಗಳು ಸ್ಪಷ್ಟವಾಗಿ ಹೊಳೆಯಬೇಕು, ಗುಳಿಗಳಿರಬಾರದು. ಸಿಲಿಂಡರ್ ಅಲ್ಲಾಡುತ್ತಿದೆಯೇ, ಪ್ರತಿ ಕೋಣೆಯೂ ನಳಿಗೆಗೆ ನೇರ ಬಂದು ನಿಲ್ಲುತ್ತಿದೆಯೇ, ಮೇಲಿನ ಕೊಂಡಿ ಬಿಗಿಯಾಗಿದೆಯೇ ಎಂದು ಪರೀಕ್ಷಿಸಬೇಕಾದದ್ದು ಲೈಸೆನ್ಸ್ ಇರುವ ರಿಪೇರಿಗಾರ. ಮೈಮೇಲಿನ ಸಂಖ್ಯೆ ಕಾಗದದ ಸಂಖ್ಯೆಗೆ ಹೊಂದಬೇಕು. ಸಂಖ್ಯೆ ಉಜ್ಜಿಹೋಗಿದ್ದರೆ ಆ ಅಂಗಡಿಯಿಂದಲೇ ಹಿಂದಿರುಗಿ.

ಕೈಗೆ ಮೊದಲು ಅಭ್ಯಾಸ ಬೇಕು

2016ರ ನಿಯಮಗಳು ಶಸ್ತ್ರ ಸುರಕ್ಷತೆಯ ತರಬೇತಿಗೆ ಅವಕಾಶ ಮಾಡಿವೆ. ನಮ್ಮ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಪ್ರಮಾಣಪತ್ರಕ್ಕಾಗಿ ಹೋಗಬೇಡಿ, ಕಲಿಯಲು ಹೋಗಿ. ಗುಂಡು ಹಾರಿದ ಸದ್ದು ಮುಚ್ಚಿದ ಕೋಣೆಯಲ್ಲಿ ಕಿವಿಯನ್ನು ಏನು ಮಾಡುತ್ತದೆ, ಕೈ ನಡುಗಿದರೆ ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುವುದು. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಹಾಕದೆ ಅಭ್ಯಾಸ ಮಾಡಬಾರದು. ತೋಟದ ಮೂಲೆಯಲ್ಲಿ ತೆಂಗಿನ ಮರಕ್ಕೆ ಗುರಿಯಿಟ್ಟು ಅಭ್ಯಾಸ ಮಾಡುವುದು ಅಪರಾಧ, ಅಪಾಯ ಎರಡೂ ಹೌದು.

ಅಮೆರಿಕದ ಜೆಫ್ ಕೂಪರ್ ಎಂಬ ತರಬೇತುದಾರ ಜನಪ್ರಿಯಗೊಳಿಸಿದ ನಾಲ್ಕು ನಿಯಮಗಳನ್ನು ಇಂದು ಲೋಕವೆಲ್ಲ ಪಾಲಿಸುತ್ತದೆ:

- ಪ್ರತಿಯೊಂದು ಬಂದೂಕನ್ನೂ ಗುಂಡು ತುಂಬಿರುವಂತೆಯೇ ಭಾವಿಸಿ.
- ನಾಶವಾಗಬಾರದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಬಾರದು.
- ಗುರಿ ಕಣ್ಣಿಗೆ ಸಿಕ್ಕು ನಿರ್ಧಾರ ಆಗುವವರೆಗೆ ಬೆರಳು ಟ್ರಿಗರ್‌ನ ಹೊರಗೇ ಇರಲಿ.
- ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ತಿಳಿದಿರಲಿ.

ನಾಲ್ಕನೆಯದು ನಮ್ಮ ಮನೆಗಳಿಗೆ ತುಂಬಾ ಮುಖ್ಯ. ಹಲಗೆಯ ಬಾಗಿಲು, ತೆಳು ಗೋಡೆ, ತಗಡಿನ ಶೆಡ್ಡು ಯಾವುದೂ ಗುಂಡನ್ನು ತಡೆಯುತ್ತದೆಂದು ನಂಬುವಂತಿಲ್ಲ. ಅದರ ಆಚೆ ಮಲಗಿರುವವರು ನಮ್ಮವರೇ.

ಆರೈಕೆ: ಮಳೆಗಾಲದ ಊರಿನವರಿಗೆ

ಆಯುಧ ಬಳಸದೆ ಇಟ್ಟರೂ ಕೆಡುತ್ತದೆ. ಮಲೆನಾಡಿನಲ್ಲಿ ತೇವ, ಕರಾವಳಿಯಲ್ಲಿ ಉಪ್ಪು ಗಾಳಿ, ಎಲ್ಲ ಕಡೆ ಬೆವರು ಅದರ ಶತ್ರುಗಳು. ಬೆವರಿದ ಬೆರಳಿನ ಗುರುತು ಒರೆಸದೆ ಬಿಟ್ಟರೆ ಅದೇ ಆಕಾರದಲ್ಲಿ ತುಕ್ಕು ಏಳುತ್ತದೆ.

ಶುಚಿಗೊಳಿಸುವ ಜಾಗದಲ್ಲಿ ಒಂದು ಗುಂಡೂ ಇರಬಾರದು. ಮೊದಲು ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಖಾಲಿ ಮಾಡಿ. ರಿವಾಲ್ವರ್ ಆದರೆ ತೆರೆದು ಆರೂ ಕೋಣೆಗಳನ್ನು ಎಣಿಸಿ. ಪಿಸ್ತೂಲಾದರೆ ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಕೋಣೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಕಿಟಕಿ ತೆರೆದಿಡಿ. ಮಕ್ಕಳು, ಫೋನು, ಟೀವಿ ಹತ್ತಿರವಿರಬಾರದು.

ಬೋರ್‌ಗೆ ಸರಿಯಾದ ಕಂಚಿನ ಬ್ರಷ್, ಕಡ್ಡಿ, ಹತ್ತಿಬಟ್ಟೆಯ ಚೂರು, ಬಂದೂಕಿಗೆಂದೇ ಬರುವ ದ್ರಾವಣ ಮತ್ತು ತೆಳು ಎಣ್ಣೆ ಇದ್ದರೆ ಸಾಕು. ನಳಿಗೆಯನ್ನು ಹಿಂಬದಿಯಿಂದ ಮುಂದಕ್ಕೆ ಉಜ್ಜಿ, ಬಾಯಿಯ ಅಂಚು ಸವೆಯದಂತೆ ನೋಡಿಕೊಳ್ಳಿ. ಮಧ್ಯದಲ್ಲಿ ಬಾಗಿ ತೆರೆಯುವ ರಿವಾಲ್ವರ್‌ಗೆ ಇದು ಸುಲಭ. ಆರು ಕೋಣೆಗಳನ್ನೂ ಒಂದೊಂದಾಗಿ ಸ್ವಚ್ಛಗೊಳಿಸಿ. ಖಾಲಿ ತೋಟೆ ಹೊರತಳ್ಳುವ ನಕ್ಷತ್ರಾಕಾರದ ಭಾಗದ ಅಡಿಯಲ್ಲಿ ಮಸಿ ಕೂತರೆ ಹೊಸ ಗುಂಡು ಸರಿಯಾಗಿ ಕೂರುವುದಿಲ್ಲ. ಹೆಚ್ಚಿನವರು ಮರೆಯುವ ಜಾಗ ಇದು. ಕೊನೆಗೆ ಒಂದು ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಮೈಗೆಲ್ಲ ತೆಳುವಾಗಿ ಸವರಿ, ಒಣ ಬಟ್ಟೆಯಿಂದ ಹೆಚ್ಚಿನದನ್ನು ಒರೆಸಿ.

ನಮ್ಮ ಮನೆಗಳಲ್ಲಿ ಕಬ್ಬಿಣಕ್ಕೆಲ್ಲ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇದೆ. ಬಂದೂಕಿಗೆ ಬೇಡ. ಚಳಿಯ ಬೆಳಗಿನಲ್ಲಿ ಬಾಟಲಿಯೊಳಗೆ ಅದು ಹೆಪ್ಪುಗಟ್ಟುವುದನ್ನು ನೋಡಿದ್ದೀರಿ. ಯಂತ್ರದೊಳಗೂ ಹಾಗೆಯೇ ಗಟ್ಟಿಯಾಗುತ್ತದೆ, ಕಾಲಾನಂತರ ಅಂಟಾಗಿ ಧೂಳು ಹಿಡಿಯುತ್ತದೆ. ಸೀಮೆಎಣ್ಣೆ ಕೊಳೆ ಬಿಡಿಸೀತು, ಆದರೆ ಆರಿದ ಮೇಲೆ ಕಬ್ಬಿಣವನ್ನು ಕಾಯುವುದಿಲ್ಲ. ಎಣ್ಣೆ ಸುರಿಯುವುದೂ ತಪ್ಪು. ಹೆಚ್ಚಾದದ್ದು ಗುಂಡಿನ ಕಡೆಗೆ ಇಳಿದು ಬುಡದ ಮದ್ದನ್ನು ಕೆಡಿಸಬಹುದು. ಗುಂಡುಗಳಿಗೆ ಎಣ್ಣೆ ಸವರಲೇಬಾರದು. ಅವು ಬಂದ ಡಬ್ಬಿಯಲ್ಲೇ, ಒಣ ಜಾಗದಲ್ಲಿ ಇರಲಿ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡ ಗುಂಡನ್ನು ಬಳಸದೆ ಮಾರಾಟಗಾರರಿಗೆ ತೋರಿಸಿ. ಬಿಸಿಲಿಗೆ ಒಣಹಾಕುವುದು, ಬಿಚ್ಚಿ ನೋಡುವುದು ಎರಡೂ ಜೀವಕ್ಕೆ ಅಪಾಯ.

ಚರ್ಮದ ಚೀಲ ಒಯ್ಯುವುದಕ್ಕೆ ಮಾತ್ರ, ಇಡುವುದಕ್ಕಲ್ಲ. ಚರ್ಮ ತೇವ ಹೀರುತ್ತದೆ, ಹದ ಮಾಡಲು ಬಳಸಿದ ರಾಸಾಯನಿಕ ಉಕ್ಕನ್ನು ತಿನ್ನುತ್ತದೆ. ಅಪ್ಪಯ್ಯನ ರಿವಾಲ್ವರ್‌ನ ಗೆರೆ ಬಂದದ್ದು ಹೀಗೆ. ಪೂಜೆಯ ಅರಿಶಿನ ಕುಂಕುಮವೂ ನೀರಿನಲ್ಲಿ ಕಲಸಿದ್ದೇ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಬದಲಿಸುತ್ತಿರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ತೆಗೆದು ಒರೆಸುವುದು ಸಾಕು. ಗುಂಡು ಹಾರಿಸಿದ ದಿನವಂತೂ ಅಂದೇ ಶುಚಿಗೊಳಿಸಬೇಕು.

ಅಭ್ಯಾಸದ ವೇಳೆ ಗುಂಡು ಸಿಡಿಯದೆ 'ಟಕ್' ಎಂದರೆ ತಕ್ಷಣ ತೆರೆಯಬೇಡಿ. ನಳಿಗೆ ಗುರಿಯ ದಿಕ್ಕಿನಲ್ಲೇ ಇರಲಿ, ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯಬಹುದು. ಸದ್ದು ಎಂದಿಗಿಂತ ಮೆತ್ತಗೆ ಬಂದರೆ ಇನ್ನೊಂದು ಹಾರಿಸಲೇಬೇಡಿ, ಮೊದಲಿನದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಸ್ಪ್ರಿಂಗ್, ಹ್ಯಾಮರ್, ಟ್ರಿಗರ್‌ಗಳ ಕೆಲಸಕ್ಕೆ ಮನೆಯ ಸ್ಕ್ರೂಡ್ರೈವರ್ ಎತ್ತಬೇಡಿ. ಅದು ಲೈಸೆನ್ಸ್ ಇರುವ ರಿಪೇರಿಗಾರನ ಕೆಲಸ.

ಚುನಾವಣೆ ಘೋಷಣೆಯಾದಾಗ ಆಯುಧ ಠೇವಣಿ ಇಡಲು ಆದೇಶ ಬರುತ್ತದೆ. ಒಯ್ಯುವ ಹಿಂದಿನ ದಿನ ಶುಚಿ ಮಾಡಿ, ಎಂದಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಸವರಿ, ಬಟ್ಟೆ ಸುತ್ತಿ ಕೊಡಿ. ರಸೀದಿಯಲ್ಲಿ ಸಂಖ್ಯೆ, ಗುಂಡುಗಳ ಲೆಕ್ಕ ಸರಿಯಾಗಿದೆಯೇ ನೋಡಿ. ಹಿಂದಕ್ಕೆ ಪಡೆದ ದಿನವೇ ಮತ್ತೆ ತೆರೆದು ಪರೀಕ್ಷಿಸಿ.

ಇಡುವ ಜಾಗ

ದಿಂಬಿನಡಿ, ಬಟ್ಟೆಯ ಕಪಾಟು, ಅಕ್ಕಿಯ ಡಬ್ಬಿ, ದೇವರ ಪಟದ ಹಿಂದೆ ಇವೆಲ್ಲ ನಾವು ಗುಟ್ಟೆಂದು ತಿಳಿದ, ಕಳ್ಳರಿಗೂ ಮಕ್ಕಳಿಗೂ ಗೊತ್ತಿರುವ ಜಾಗಗಳು. ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿದ ಚಿಕ್ಕ ಉಕ್ಕಿನ ಪೆಟ್ಟಿಗೆ ಬೇಕು. ಬಿಗಿಯದ ಪೆಟ್ಟಿಗೆಯನ್ನು ಕಳ್ಳ ಪೂರ್ತಿಯಾಗಿ ಹೊತ್ತೊಯ್ಯುತ್ತಾನೆ. ಸಂಖ್ಯೆಯ ಬೀಗ ಒಳ್ಳೆಯದು, ಸಂಖ್ಯೆ ಮಾತ್ರ ಮದುವೆಯ ದಿನಾಂಕವೋ ಬೈಕಿನ ನಂಬರೋ ಆಗಿರಬಾರದು. ಆಯುಧ ಖಾಲಿಯಾಗಿ, ನಳಿಗೆಯಲ್ಲಿ ತಂತಿ ಬೀಗ ಹಾಕಿಸಿಕೊಂಡು ಒಂದು ಪೆಟ್ಟಿಗೆಯಲ್ಲಿ, ಗುಂಡುಗಳು ಬೇರೊಂದು ಬೀಗದಡಿ ಇರಲಿ. "ಹಾಗಾದರೆ ಆಪತ್ತಿಗೆ ಹೇಗೆ ಸಿಗುತ್ತದೆ?" ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಮಕ್ಕಳಿದ್ದರೆ ಪ್ರತಿದಿನದ ಆಪತ್ತು ಮಕ್ಕಳ ಕೈ. ಎಂದೋ ಒಂದು ದಿನದ ಆಪತ್ತಿಗೆ ಸಮಯ ಗಳಿಸಿಕೊಡಬೇಕಾದದ್ದು ಬಾಗಿಲು, ಪೆಟ್ಟಿಗೆಯಲ್ಲ.

ಮಕ್ಕಳಿಗೆ ಹೆದರಿಸಿ ಬಾಯಿ ಮುಚ್ಚಿಸಬೇಡಿ. ಎಲ್ಲಾದರೂ ಬಂದೂಕು ಕಂಡರೆ ಮುಟ್ಟಬಾರದು, ಆ ಜಾಗ ಬಿಟ್ಟು ಬಂದು ದೊಡ್ಡವರಿಗೆ ಹೇಳಬೇಕು ಎಂದು ಸಮಾಧಾನವಾಗಿ ಕಲಿಸಿ. ಕಲಿಸಿದ್ದೇವೆಂದು ಬೀಗ ಸಡಿಲ ಬಿಡಬೇಡಿ.

ಹೊರಗೆ ಒಯ್ಯುವಾಗ ಹೋಲ್‌ಸ್ಟರ್‌ನಲ್ಲಿ, ಕಾಣದಂತೆ ಮುಚ್ಚಿಕೊಂಡು ಒಯ್ಯಬೇಕು. ಝಳಪಿಸುವುದು, ಫೋಟೊ ತೆಗೆದು ಹಂಚುವುದು ಲೈಸೆನ್ಸ್ ಕಳೆದುಕೊಳ್ಳುವ ದಾರಿ. ಮನೆಯಲ್ಲಿ ಆಯುಧವಿದೆ ಎಂದು ಊರಿಗೆ ಸಾರಿದಂತೆಯೂ ಆಗುತ್ತದೆ. ಕಳೆದುಹೋದರೆ ಅದೇ ಗಳಿಗೆ ಠಾಣೆಗೆ ದೂರು ಕೊಡಿ.

ನಿಜವಾದ ಕಾವಲು

ಮನೆಯ ಕಾವಲು ಹೊರಗಿನಿಂದ ಒಳಗೆ ಬರಬೇಕು. ಗೇಟು ಮತ್ತು ಅಂಗಳದಲ್ಲಿ ಬೆಳಕು ಮೊದಲನೆಯದು. ಓಡಾಟ ಕಂಡೊಡನೆ ಹತ್ತುವ ದೀಪ ದುಬಾರಿಯಲ್ಲ. ಕರೆಂಟು ಹೋಗುವ ಊರುಗಳಲ್ಲಿ ಸೋಲಾರ್ ದೀಪ ವಾಸಿ. ಕಿಟಕಿಗೆ ಅಂಟಿಕೊಂಡ ಗಿಡಗಂಟಿ, ಹೆಂಚಿನ ಮಾಡಿಗೆ ಒರಗಿದ ಏಣಿ ತೆಗೆಯಿರಿ.

ಎರಡನೆಯದು ಬಾಗಿಲು. ಮುಂಬಾಗಿಲಿಗೆ ತೇಗ, ಹಿತ್ತಲ ಬಾಗಿಲಿಗೆ ಹಳೆಯ ಹಲಗೆ ಹಾಕಿಸಿರುತ್ತೇವೆ. ಮುರಿಯುವುದು ಹಿತ್ತಲಿನದೇ. ಚಿಲಕ ಕೂರುವ ಕಡೆ ಚೌಕಟ್ಟಿಗೆ ಉದ್ದನೆಯ ಸ್ಕ್ರೂ, ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ, ನೋಡಲು ಸಣ್ಣ ರಂಧ್ರ ಇರಲಿ. ಹಳೆಯ ತೊಟ್ಟಿಮನೆಗಳ ಅಗುಳಿ ಎಷ್ಟು ಗಟ್ಟಿಯಿತ್ತು ಎಂಬುದನ್ನು ಈಗಿನ ಹೊಳೆಯುವ ಬೀಗಗಳು ಮರೆಸಿವೆ. ಹೆಂಚು ತೆಗೆದು ಇಳಿಯಲಾಗದಂತೆ ಅಟ್ಟಕ್ಕೂ ಬಾಗಿಲು ಬೇಕು.

ಮೂರನೆಯದು ಎಚ್ಚರ. ಬೊಗಳುವ ನಾಯಿ ಒಳ್ಳೆಯ ಕಾವಲುಗಾರ. ಕ್ಯಾಮೆರಾ ಹಾಕಿಸಿದರೆ ರೆಕಾರ್ಡ್ ಮಾಡುವ ಪೆಟ್ಟಿಗೆಯನ್ನು ಟೀವಿ ಪಕ್ಕದಲ್ಲಿ ಇಡಬೇಡಿ, ಕಳ್ಳರು ಅದನ್ನೂ ಕಿತ್ತೊಯ್ಯುತ್ತಾರೆ. ಊರಿಗೆ ಹೋಗುವಾಗ ಬೀಟ್ ಪೊಲೀಸರಿಗೆ, ನೆರೆಯವರಿಗೆ ತಿಳಿಸಿ. ಹೋಗುತ್ತಿರುವುದನ್ನು ಫೇಸ್‌ಬುಕ್‌ಗೆ ತಿಳಿಸಬೇಡಿ. ಅಡಿಕೆ, ಕಾಫಿ ಮಾರಿದ ಹಣ ಒಂದು ರಾತ್ರಿಯೂ ಮನೆಯಲ್ಲಿ ಉಳಿಯದಂತೆ ಬ್ಯಾಂಕ್ ಮೂಲಕವೇ ಪಡೆದರೆ ಅರ್ಧ ಭಯ ಹೋಗುತ್ತದೆ.

ನಾಲ್ಕನೆಯದು ಯೋಜನೆ. ರಾತ್ರಿ ಸದ್ದಾದರೆ ಮನೆಯವರೆಲ್ಲ ಯಾವ ಕೋಣೆಗೆ ಸೇರಬೇಕು, ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕವಿದೆಯೇ, ಅಲ್ಲಿ ಫೋನಿನ ಸಿಗ್ನಲ್ ಸಿಗುತ್ತದೆಯೇ, ಟಾರ್ಚ್ ಎಲ್ಲಿದೆ ಎಂಬುದನ್ನು ಹಗಲಲ್ಲೇ ಮಾತಾಡಿಕೊಳ್ಳಿ. ಮೊದಲು 112ಕ್ಕೆ ಕರೆ, ಜೊತೆಗೇ ನೆರೆಮನೆಗೆ. ಸದ್ದು ಹುಡುಕಿಕೊಂಡು ಕತ್ತಲಲ್ಲಿ ಹೊರಗೆ ಹೋಗಬೇಡಿ. ಅಂಗಳದಲ್ಲಿ ನಿಂತಿರುವುದು ಕಳ್ಳನೋ, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯಲು ಜೀಪು ಕೇಳಲು ಬಂದ ನೆರೆಯವನೋ ಕತ್ತಲು ಹೇಳುವುದಿಲ್ಲ. ಕೂಗಿ ಕೇಳಿ, ದೀಪ ಹಾಕಿ, ಗುರುತಿಸಿ.

ಕಾನೂನು ಎಲ್ಲಿಯವರೆಗೆ ಜೊತೆಗಿದೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಪ್ರಾಣ ಹೋಗುವ ಅಥವಾ ತೀವ್ರ ಗಾಯವಾಗುವ ಸಕಾರಣ ಭೀತಿ, ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆ ಒಡೆದು ನುಗ್ಗುವುದು ಇಂಥ ಸಂದರ್ಭಗಳಲ್ಲಿ ಎದುರಾಳಿಯ ಜೀವ ಹೋಗುವಷ್ಟು ಪ್ರತಿರೋಧವನ್ನೂ ಕಾನೂನು ಮನ್ನಿಸಬಹುದು. ಆದರೆ ಎರಡು ಗೆರೆಗಳಿವೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲ. ಬೆನ್ನು ತಿರುಗಿಸಿ ಓಡುತ್ತಿರುವವನಿಗೆ, ಅಡಿಕೆಗೊನೆ ಕದ್ದವನಿಗೆ ಗುಂಡು ಹಾರಿಸಿ ಆತ್ಮರಕ್ಷಣೆ ಎನ್ನಲಾಗದು. ಹಾರಿಸಿದ ಪ್ರತಿ ಗುಂಡಿಗೂ ಠಾಣೆಯಲ್ಲಿ, ಕೋರ್ಟಿನಲ್ಲಿ, ಕೊನೆಗೆ ನಮ್ಮ ನಿದ್ದೆಯಲ್ಲಿ ಉತ್ತರ ಕೊಡಬೇಕು.

ಮತ್ತೆ ಆಯುಧಪೂಜೆ

ಅಪ್ಪಯ್ಯ ಹೋದ ಮೇಲೆ ಠಾಣೆಯಲ್ಲಿದ್ದ ರಿವಾಲ್ವರ್‌ಗೆ ನಾನು ವಾರಸುದಾರನಾಗಿ ಅರ್ಜಿ ಹಾಕುವ ಮೊದಲು ಅಮ್ಮ ಒಂದೇ ಪ್ರಶ್ನೆ ಕೇಳಿದಳು: "ಅದರ ಚಾಕರಿ ನಿನ್ನ ಕೈಲಿ ಆಗ್ತದಾ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಮೊದಲು ಹಿತ್ತಲ ಬಾಗಿಲು ಬದಲಿಸಿದೆ, ಅಂಗಳಕ್ಕೆ ದೀಪ ಹಾಕಿಸಿದೆ, ಮಲಗುವ ಕೋಣೆಯ ಗೋಡೆಗೆ ಉಕ್ಕಿನ ಪೆಟ್ಟಿಗೆ ಬಿಗಿಸಿದೆ. ತರಬೇತಿ ಶಿಬಿರಕ್ಕೆ ಹೋಗಿ ಬಂದೆ. ಅರ್ಜಿ ಹಾಕಿದ್ದು ಆಮೇಲೆ. ನೀವೂ ಈ ಕ್ರಮದಲ್ಲೇ ಹೋಗಿ ನೋಡಿ. ಬಾಗಿಲು, ಬೆಳಕು, ನಾಯಿ, ನೆರೆಯವರು ಎಲ್ಲ ಸರಿಯಾದ ಮೇಲೂ ಬೇಕು ಅನ್ನಿಸಿದರೆ ಮಾತ್ರ ಲೈಸೆನ್ಸ್‌ನ ಮಾತು. 'ಚಾಕರಿ ಆಗುವುದಿಲ್ಲ' ಅನ್ನಿಸಿದರೆ ಬೇಡ ಎನ್ನುವುದೇ ಸರಿಯಾದ ತೀರ್ಮಾನ.

ಈಗಲೂ ಆಯುಧಪೂಜೆಯ ಮುಂಚಿನ ದಿನ ರಿವಾಲ್ವರ್ ಹೊರಗೆ ಬರುತ್ತದೆ. ಆರು ಕೋಣೆ ಎಣಿಸಿ, ಒರೆಸಿ, ಎಣ್ಣೆ ಸವರಿ ಅಂದೇ ಒಳಗಿಡುತ್ತೇನೆ. ಮರುದಿನ ಬೆಳಿಗ್ಗೆ ಜಗಲಿಯ ಸಾಲಿನಲ್ಲಿ ಕತ್ತಿ, ಗುದ್ದಲಿ, ಪಂಪು ಕೂರುತ್ತವೆ, ಅದು ಕೂರುವುದಿಲ್ಲ. ಅಮ್ಮ ಒಳಕೋಣೆಗೆ ಬಂದು ಮುಚ್ಚಿದ ಪೆಟ್ಟಿಗೆಯ ಬಾಗಿಲಿಗೆ ಕುಂಕುಮ ಇಡುತ್ತಾಳೆ.